ಓನರಮ್ಮನ ಹೊಲದ ಬಿಸ್ಕತ್ತು

ಬೆಂಗಳೂರಿನಲ್ಲಿ ಕೆರೆ ನುಂಗಿದವರ ಪಟ್ಟಿ ದೊಡ್ಡದು. ಅದರಲ್ಲಿ ನನ್ನ ಹೆಸರನ್ನೂ ಧಾರಾಳವಾಗಿ ಸೇರಿಸಿಕೊಳ್ಳಬಹುದು. ಬರೀ ಕೆರೆಯಲ್ಲ ಸ್ವಾಮಿ! ಎರಡು ರಾಗಿ ಹೊಲ, ಒಂದು ಬಾವಿ ತೋಟ, ಒಂದು ಮಾವಿನ ತೋಪು, ಕೊನೆಗೆ ನಾನು ಪಾಠ ಮಾಡುವ ಕಾಲೇಜು, ಇಷ್ಟನ್ನೂ ತಿಂದು ಅರಗಿಸಿಕೊಂಡಿದ್ದೇನೆ. ಇದುವರೆಗೆ ಯಾರೂ ನನ್ನ ಮೇಲೆ ಕೇಸು ಹಾಕಿಲ್ಲ. ಏಕೆಂದರೆ ನಾನು ತಿಂದದ್ದು ಸಂಜೆ ಐದು ಗಂಟೆಗೆ, ಕಾಫಿಯಲ್ಲಿ ಅದ್ದಿಕೊಂಡು. ತಿನ್ನಿಸಿದವರು ನಮ್ಮ ಮನೆಯ ಓನರಮ್ಮ.

ಬಿಳೇಕಹಳ್ಳಿಯಲ್ಲಿ ಅವರ ಮನೆಯ ಮಹಡಿಯ ಮೇಲೆ ನಾನೂ ನನ್ನ ಹೆಂಡತಿಯೂ ಬಾಡಿಗೆಗೆ ಬಂದು ಆರು ವರ್ಷವಾಯಿತು. ಕೆಳಗೆ ಓನರಮ್ಮ, ಅವರ ಯಜಮಾನರು, ಮಗಳು, ಮೊಮ್ಮಗಳು. ಓನರಮ್ಮ ಇದೇ ಊರಿನಲ್ಲಿ ಹುಟ್ಟಿ, ಇದೇ ಊರಿನಲ್ಲಿ ಎರಡು ಬೀದಿ ದಾಟಿ ಗಂಡನ ಮನೆಗೆ ಬಂದವರು. ಅವರ ತವರಿನ ಹೊಲಗದ್ದೆಗಳ ಮೇಲೆ ಈಗ ಅಪಾರ್ಟ್‌ಮೆಂಟು, ಜಿಮ್ಮು, ಮದುವೆ ಹಾಲು, ಟ್ರಾಫಿಕ್ ಸಿಗ್ನಲ್ಲು ಎಲ್ಲವೂ ಬೆಳೆದು ನಿಂತಿವೆ. ರಾಗಿಯೊಂದನ್ನು ಬಿಟ್ಟು!

ಕಥೆ ಶುರುವಾದದ್ದು ಮೊಮ್ಮಗಳಿಂದ. ಆ ಹುಡುಗಿ ಆನ್‌ಲೈನಿನಲ್ಲಿ ಬಿಸ್ಕತ್ತಿನ ಅಚ್ಚುಗಳ ಒಂದು ಡಬ್ಬ ತರಿಸಿದಳು. ಒಂದೊಂದು ಅಚ್ಚೂ ಒಂದೊಂದು ರಾಜ್ಯದ ನಕ್ಷೆ. ರಾಜಸ್ಥಾನ ಬೆಂದಿತು, ಕೇರಳ ಸೀದುಹೋಯಿತು. ಓನರಮ್ಮ ಎಲ್ಲವನ್ನೂ ನೋಡಿ, "ಚೆನ್ನಾಗೈತೆ. ಆದ್ರೆ ಇದರಲ್ಲಿ ನಮ್ಮ ಹೊಲ ಎಲ್ಲೈತೆ?" ಎಂದು ಕೇಳಿದರು. ಮೊಮ್ಮಗಳು ನಕ್ಕಳು. ಆಕೆ ನಗಬಾರದಿತ್ತು. ಮರುದಿನ ಓನರಮ್ಮ ತಮ್ಮ ಅಪ್ಪನ ಕಾಲದ ಗ್ರಾಮ ನಕಾಶೆಯನ್ನು ಟ್ರಂಕಿನಿಂದ ತೆಗೆದು, ತೆಳು ಕಾಗದದ ಮೇಲೆ ಒಂದೊಂದೇ ಸರ್ವೆ ನಂಬರನ್ನು ಪೆನ್ಸಿಲಿನಿಂದ ಇಳಿಸಿಕೊಂಡು, ಮಡಿವಾಳದಲ್ಲಿ ತಗಡಿನ ಡಬ್ಬ ಮಾಡುವವನ ಅಂಗಡಿಗೆ ಹೊರಟರು. ಚೀಲ ಹಿಡಿಯಲು ನಾನು.

"ನಕ್ಷತ್ರ ಮಾಡ್ಕೊಡ್ತೀನಮ್ಮ, ಹಾರ್ಟ್ ಮಾಡ್ಕೊಡ್ತೀನಿ," ಎಂದ ಅಂಗಡಿಯವನು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡುತ್ತಾ. "ಇದೇನಿದು, ಹಿಂಡಿ ಒಣಗಾಕಿದ ಬನಿಯನ್ ಇದ್ದಂಗಿದೆ?"

"ಬನಿಯನ್ ಅಲ್ಲ ಕಣಯ್ಯ, ಹುಣಸೇಮರದ ಹೊಲ!"

"ಮತ್ತೆ ಇದು? ಕುಂಬಳಕಾಯಿನಾ?"

"ಕೆರೆ. ಕೆರೆ ನಮ್ದಲ್ಲ, ಊರಿಂದು. ಆದ್ರೆ ಕೆರೆ ಇಲ್ದೆ ಗದ್ದೆ ಹೆಂಗೆ ಮಾಡ್ತೀಯ?"

ಪಾಪ, ಅವನು ಯಾವ ಗದ್ದೆಯನ್ನೂ ಮಾಡುವ ಯೋಚನೆಯಲ್ಲಿರಲಿಲ್ಲ. ಆದರೂ ಎರಡು ವಾರದಲ್ಲಿ ಹನ್ನೆರಡು ಅಚ್ಚು ಬಗ್ಗಿಸಿ ಕೊಟ್ಟ. ಹನ್ನೊಂದು ಹೊಲ, ಒಂದು ಕೆರೆ. ಅಲ್ಲಿಂದ ನಮ್ಮ ಮನೆಯಲ್ಲಿ ಭಾನುವಾರವೆಂದರೆ ರಾಗಿಹಿಟ್ಟು, ಗೋಧಿಹಿಟ್ಟು, ಬೆಣ್ಣೆ, ಬೆಲ್ಲದ ಪುಡಿ, ಏಲಕ್ಕಿ. ಬೆಂದದ್ದನ್ನೆಲ್ಲ ಓನರಮ್ಮ ದೊಡ್ಡ ಬಿದಿರಿನ ಮೊರದಲ್ಲಿ ಪಕ್ಕಪಕ್ಕಕ್ಕೆ ಕೂರಿಸಿ ಇಡೀ ಊರನ್ನು ಜೋಡಿಸುತ್ತಿದ್ದರು. ಜೋಡಿಸಿ, ದೂರ ನಿಂತು ನೋಡಿ, ಆಮೇಲೆ ಹಂಚುತ್ತಿದ್ದರು.

ಹಂಚಿಕೆಗೂ ಒಂದು ಕಾನೂನಿತ್ತು. ಯಾರು ಎಲ್ಲಿ ದುಡಿಯುತ್ತಾರೋ ಅವರಿಗೆ ಆ ಹೊಲ. "ಮೇಷ್ಟ್ರೇ, ನಿಮ್ಮ ಕಾಲೇಜು ಇರೋದು ನಮ್ಮ ಕಲ್ಲುಹೊಲದಾಗೆ. ತಗೊಳಿ, ನಿಮ್ಮ ಕಾಲೇಜು ತಿನ್ನಿ," ಎಂದು ಮೊದಲ ದಿನ ನನ್ನ ಕೈಗೊಂದು ಬಿಸ್ಕತ್ತು ಕೊಟ್ಟರು. ಭಾನುವಾರ ಸಂಜೆ, ನಾಳೆ ಬೆಳಿಗ್ಗೆ ಎಂಟಕ್ಕೆ ಕ್ಲಾಸು ಎನ್ನುವಾಗ, ತಾನು ಕೆಲಸ ಮಾಡುವ ಕಾಲೇಜನ್ನು ಕಟುಮ್ ಎಂದು ಕಡಿಯುವ ಸುಖವಿದೆಯಲ್ಲ, ಅದನ್ನು ಅನುಭವಿಸಿದವರೇ ಬಲ್ಲರು! ಪ್ರಿನ್ಸಿಪಾಲರ ರೂಮು ಎಡಗಡೆಯ ಮೂಲೆಗೆ ಬರುತ್ತದೆಂದು ಅಂದಾಜು ಮಾಡಿ ನಾನು ಯಾವಾಗಲೂ ಅಲ್ಲಿಂದಲೇ ಶುರುಮಾಡುತ್ತಿದ್ದೆ.

ಒಂದೇ ತೊಂದರೆ. ಬಿಸ್ಕತ್ತು ಓವನ್ನಿನೊಳಗೆ ಹೋದ ಮೇಲೆ ಉಬ್ಬುತ್ತದೆ. ಬೇರೆಯವರ ಮನೆಯಲ್ಲಿ ಉಬ್ಬಿದರೆ ಸಂತೋಷ, ನಮ್ಮಲ್ಲಿ ರಂಪ. "ನೋಡಿ ಮೇಷ್ಟ್ರೇ, ಬಾವಿ ತೋಟ ಕೆರೆ ಒಳಕ್ಕೆ ಬಂದೈತೆ. ಒತ್ತುವರಿ!" ಎಂದು ಓನರಮ್ಮ ಚಾಕು ಹಿಡಿದು ಒತ್ತುವರಿ ತೆರವು ಮಾಡುತ್ತಿದ್ದರು. ನೋಟಿಸಿಲ್ಲ, ತಡೆಯಾಜ್ಞೆಯಿಲ್ಲ, ಮುಲಾಜಂತೂ ಇಲ್ಲವೇ ಇಲ್ಲ. ಕೊನೆಗೆ ಸೋಡಾ ಹಾಕುವುದನ್ನೇ ನಿಲ್ಲಿಸಿ, ಬೆಣ್ಣೆಯನ್ನೂ ಅರ್ಧಕ್ಕಿಳಿಸಿದರು. ಗಡಿಗಳು ಗೆರೆ ಎಳೆದಂತೆ ನಿಂತವು. ಬಿಸ್ಕತ್ತು ಕಲ್ಲಾಯಿತು! ನಮ್ಮ ಮಾವನವರು ಊರಿನಿಂದ ಬಂದಾಗ ಗೌರವಕ್ಕೆಂದು ಹುಣಸೇಮರದ ಹೊಲವನ್ನು ಕಡಿದು, ಹಲ್ಲಿನ ಸೆಟ್ಟನ್ನು ಅದರಲ್ಲೇ ಬಿಟ್ಟರು. ಓನರಮ್ಮನಿಗೆ ಬೇಸರವಾಯಿತು. ಹೊಲದ ಅಂಚು ಮುಕ್ಕಾಯಿತಲ್ಲ ಎಂದು.

ಇನ್ನೊಂದು ಸಲ ಆಟೋ ಹತ್ತಿದ್ದೆವು. "ಬಾವಿ ತೋಟಕ್ಕೆ ಬಿಡಪ್ಪ," ಎಂದರು ಓನರಮ್ಮ.

"ಅದೆಲ್ಲಿ ಬರುತ್ತಮ್ಮ? ಲೊಕೇಶನ್ ಹಾಕಿ."

"ಲೊಕೇಶನ್ ನಾನೇನು ಹಾಕೋದು? ನಾನು ಹುಟ್ಟಿದಾಗಿಂದ ಅಲ್ಲೇ ಐತೆ!"

ನಾನು ಫೋನು ತೆಗೆಯುವಷ್ಟರಲ್ಲಿ ಅವರು ಬ್ಯಾಗಿನಿಂದ ಬಾವಿ ತೋಟವನ್ನೇ ತೆಗೆದು ಡ್ರೈವರಿನ ಕೈಗಿಟ್ಟು, "ಇಲ್ಲಿ ರೋಡು, ಇಲ್ಲಿ ಬಾವಿ, ಈ ಸೊಂಟದ ಹತ್ರ ನಿಲ್ಲಿಸು," ಎಂದರು. ಅವನು ಅತ್ತಿತ್ತ ನೋಡಿ, ಮೂಸಿ, ತಿಂದುಬಿಟ್ಟ. "ಸಖತ್ತಾಗಿದೆ ಅಮ್ಮ. ಈಗ ಹೇಳಿ, ಎಲ್ಲಿಗೆ?" ಲೊಕೇಶನ್ ತಿಂದವನಿಗೆ ದಾರಿ ಹೇಳುವುದು ಹೇಗೆ? ಇಬ್ಬರೂ ಇಳಿದು ನಡೆದೇ ಹೋದೆವು.

ಇಷ್ಟೆಲ್ಲ ಮಾಡಿ ಊರಿಗೆಲ್ಲ ತಿನ್ನಿಸುವ ಓನರಮ್ಮ ತಾವು ಮಾತ್ರ ಒಂದು ಚೂರನ್ನೂ ಬಾಯಿಗೆ ಹಾಕಿಕೊಂಡವರಲ್ಲ. ಕೇಳಿದರೆ, "ನಂಗೆ ಶುಗರ್ ಐತೆ," ಎನ್ನುತ್ತಿದ್ದರು. ಶುಗರ್ ಇದ್ದವರು ಹೋಳಿಗೆ ತಿನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಅದನ್ನು ಎತ್ತಿ ಆಡಿದರೆ, "ಅದು ಬೇರೆ. ನಮ್ಮ ಹೊಲ ನಾವೇ ತಿನ್ನೋದಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಇನ್ನೊಂದು ವಿಚಿತ್ರವಿತ್ತು. ಮೊರದಲ್ಲಿ ಜೋಡಿಸಿದ ಊರಿನ ಪೂರ್ವದ ಮೂಲೆಯಲ್ಲಿ ಯಾವಾಗಲೂ ಒಂದು ಜಾಗ ಖಾಲಿ. ಹನ್ನೆರಡು ಅಚ್ಚು ಮಾಡಿಸಿದ್ದನ್ನು ನಾನೇ ಎಣಿಸಿ ಚೀಲಕ್ಕೆ ಹಾಕಿದ್ದೆ. ಮೊರಕ್ಕೆ ಬರುತ್ತಿದ್ದದ್ದು ಹನ್ನೊಂದೇ. ಒಮ್ಮೆ ಕೇಳಿದೆ. "ಅದು ಇಲ್ಲ ಬಿಡಿ," ಎಂದು ಅವರು ಒಲೆಯ ಕಡೆ ತಿರುಗಿದರು. ಅಚ್ಚು ಎಲ್ಲೋ ಕಳೆದಿರಬೇಕು, ಪಾಪ ವಯಸ್ಸಾಯಿತು ಎಂದುಕೊಂಡು ಸುಮ್ಮನಾದೆ.

ಕಳೆದ ಗೌರಿ ಹಬ್ಬ. ನನ್ನ ಹೆಂಡತಿ ತವರಿಗೆ ಹೋಗಿದ್ದಳು. ಓನರಮ್ಮ ಮಗಳು ಮೊಮ್ಮಗಳ ಜೊತೆ ಬೀದಿಯ ಮನೆಗಳಿಗೆ ಬಾಗಿನ ಕೊಡಲು ಹೊರಟವರು, ಹೋಳಿಗೆ ಉಂಡು ಬಾಗಿಲಲ್ಲಿ ತೂಕಡಿಸುತ್ತಿದ್ದ ನನ್ನನ್ನು ನೋಡಿದರು. "ಹಿಟ್ಟು ಕಲಸಿಟ್ಟಿದ್ದೀನಿ. ಒತ್ತಿ ಒಳಗಿಡಿ ಮೇಷ್ಟ್ರೇ. ಯಜಮಾನ್ರು ಮಲಗವ್ರೆ, ಅವರನ್ನ ನಂಬಬೇಡಿ."

ನಾನು ಗಣಿತದವನು. ಜವಾಬ್ದಾರಿಯಿಂದ ಒತ್ತಿದೆ. ಅಚ್ಚಿನ ಡಬ್ಬದ ತಳದಲ್ಲಿ ಹಳೆಯ ಸೀರೆಯ ಚೂರಿನಲ್ಲಿ ಸುತ್ತಿಟ್ಟ ಏನೋ ಕೈಗೆ ಸಿಕ್ಕಿತು. ಬಿಚ್ಚಿದರೆ ಹನ್ನೆರಡನೆಯ ಅಚ್ಚು! ಮೂಗು ಚಾಚಿದ ಒಂದು ಆಕಾರ, ಒಂದು ಕಡೆ ಸಣ್ಣ ಕಚ್ಚು. ಎಲ್ಲಿಟ್ಟಿದ್ದರೆಂಬುದನ್ನೇ ಮರೆತಿದ್ದಾರೆ, ಬಂದ ಕೂಡಲೇ ಎಷ್ಟು ಸಂತೋಷಪಡುತ್ತಾರೆ ಎಂದು ನಾನು ಹಿಗ್ಗಿ ಅದನ್ನೂ ಒತ್ತಿ, ಬೇಯಿಸಿ, ಮೊರದಲ್ಲಿ ಕೂರಿಸಿದೆ. ಪೂರ್ವದ ಮೂಲೆಗೆ ಹೇಳಿ ಮಾಡಿಸಿದಂತೆ ಕೂತಿತು. ಊರು ಭರ್ತಿ!

ಓನರಮ್ಮ ಬಂದರು. ಮೊರ ನೋಡಿದರು. ಮಗಳನ್ನೂ ಮೊಮ್ಮಗಳನ್ನೂ ಒಳಗೆ ಕಳಿಸಿ, ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟರು.

"ಮೂಲೆ ಹೊಲ," ಎಂದರು. "ನಮ್ಮಪ್ಪ ನನ್ನ ಅರಿಶಿನ ಕುಂಕುಮಕ್ಕೆ ಅಂತ ಬಾಯಲ್ಲಿ ಹೇಳಿದ್ದ ಹೊಲ."

ಆಮೇಲೆ ಎಲ್ಲ ಹೇಳಿದರು. ಅಪ್ಪ ಹೋದ ಮೇಲೆ ಒಡಹುಟ್ಟಿದ ತಮ್ಮ ಇವರನ್ನು ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ, ಮಾರಾಟದ ಪತ್ರಗಳಲ್ಲಿ ತೋರಿಸಿದ ಕಡೆಯೆಲ್ಲ ಇವರು ಸಹಿ ಹಾಕಿದ್ದರು. ಮೂಲೆ ಹೊಲವನ್ನು ಬಿಟ್ಟಿರುತ್ತಾನೆಂದು ನಂಬಿದ್ದರು. ಒಂದು ಬೆಳಿಗ್ಗೆ ಹಾಲು ತರಲು ಹೋದರೆ ಅಲ್ಲಿ ಜೆಸಿಬಿ ನಿಂತಿತ್ತು. ಬೀದಿಯಲ್ಲೇ ಜಗಳ. ಆ ತಮ್ಮ ಬನಶಂಕರಿಯಲ್ಲಿ ಮನೆ ಕಟ್ಟಿಕೊಂಡು ಹೋದ. ಅಂದಿನಿಂದ ಒಂಬತ್ತು ವರ್ಷ ಮಾತಿಲ್ಲ. ಗೌರಿ ಹಬ್ಬಕ್ಕೆ ತವರಿನ ಬಾಗಿನವೂ ಬಂದಿಲ್ಲ.

"ಹೊಲ ಹೋಗ್ಲಿ ಮೇಷ್ಟ್ರೇ. ಅಕ್ಕ, ಕೊಡ್ತೀಯಾ ಅಂತ ಒಂದ್ ಮಾತು ಕೇಳಿದ್ರೆ ಕೊಡ್ತಿರ್ಲಿಲ್ವಾ ನಾನು? ಊರಿಗೆಲ್ಲ ಹಂಚ್ತೀನಿ. ಅವನು ಕೇಳ್ಲಿಲ್ಲ. ಈಗ ಹಬ್ಬ ಬಂದ್ರೆ ನಂಗೆ ತವರಿಲ್ಲ."

ಹನ್ನೆರಡು ತುಂಡುಗಳನ್ನು ಬಹಳ ಹೊತ್ತು ನೋಡಿದರು. "ಎಲ್ಲಾ ಸೇರಿದ್ರೆ ಹಿಂಗೆ ಕಾಣ್ತಿತ್ತು ಅನ್ನೋದೇ ಮರ್ತೋಗಿತ್ತು," ಎಂದರು. ಮೂಲೆ ಹೊಲವನ್ನು ಎತ್ತಿ ಅದೇ ಸೀರೆಯ ಚೂರಿನಲ್ಲಿ ಸುತ್ತಿಕೊಂಡು ಎದ್ದರು. "ಗಾಡಿ ತೆಗೀರಿ. ಯಜಮಾನ್ರನ್ನ ಎಬ್ಬಿಸ್ಬೇಡಿ, ಅವರು ಬಂದ್ರೆ ಮತ್ತೆ ಜಗಳ. ಅವನು ಬಾಗಿಲು ಹಾಕ್ಕೊಂಡ್ರೆ ಈ ಬಿಸ್ಕತ್ ನೀವೇ ತಿಂದ್ಬಿಡಿ. ಆಮೇಲೆ ಆ ಅಚ್ಚು ಗುಜರಿಗೆ."

ನನ್ನ ಸ್ಕೂಟರಿನ ಹಿಂದೆ ಕೂತ ಓನರಮ್ಮ ಸಿಗ್ನಲ್ ತನಕ, "ಇದು ಹುಣಸೇಮರದ ಹೊಲ, ಇದು ಮಾವಿನ ತೋಪು," ಎಂದು ಹೇಳುತ್ತಲೇ ಇದ್ದರು. ಹಳೆಯ ಊರಿನ ಗಡಿ ದಾಟಿದ್ದೇ ತಡ, ಮಾತು ನಿಂತಿತು. ಜೆ.ಪಿ. ನಗರ ಕಳೆದು ಬನಶಂಕರಿ ಬರುವವರೆಗೂ ನನ್ನ ಭುಜದ ಮೇಲಿದ್ದ ಅವರ ಕೈ ಬಿಗಿಯಾಗುತ್ತಲೇ ಹೋಯಿತು. ನನಗೂ ಹೆದರಿಕೆ. ಮುಖ್ಯವಾಗಿ, ಆ ಬಿಸ್ಕತ್ತನ್ನು ನಾನು ತಿನ್ನಬೇಕಾಗುತ್ತದಲ್ಲ!

ಬೆಲ್ ಒತ್ತಿದಾಗ ತಮ್ಮನೇ ಬಾಗಿಲು ತೆರೆದರು. ಅರವತ್ತು ದಾಟಿದ, ಕನ್ನಡಕ ಹಾಕಿದ ಮನುಷ್ಯ. ಅಕ್ಕನನ್ನು ಕಂಡು ಬಾಗಿಲಿನ ಚಿಲಕ ಹಿಡಿದುಕೊಂಡೇ ನಿಂತರು. ಓನರಮ್ಮ ಸೀರೆಯ ಚೂರನ್ನು ಬಿಚ್ಚಿ ಬಿಸ್ಕತ್ತನ್ನು ಅವರ ಅಂಗೈ ಮೇಲಿಟ್ಟರು.

ಅವರು ಅದನ್ನು ನೋಡಿದರು. ಇದೇನು, ಏಕೆ ಎಂದು ಕೇಳಲಿಲ್ಲ. ಕನ್ನಡಕ ಮೇಲೇರಿಸಿ, ಬಿಸ್ಕತ್ತನ್ನು ನಿಧಾನವಾಗಿ ಕಾಲು ಸುತ್ತು ತಿರುಗಿಸಿದರು.

"ಹಿಂಗೆ ಹಿಡೀಬೇಕು," ಎಂದರು. "ಈ ಕಚ್ಚು ಇರೋ ಕಡೆ ಹೊಂಗೆಮರ. ಅಪ್ಪ ಬುತ್ತಿ ಬಿಚ್ತಿದ್ದದ್ದು ಇಲ್ಲೇ ಅಲ್ವೇನಕ್ಕ?"

"ಹೂಂ," ಎಂದರು ಓನರಮ್ಮ.

"ಕೇಳ್ಬೇಕಿತ್ತು ನಾನು. ಒಂದ್ ಮಾತು ಕೇಳ್ಬೇಕಿತ್ತು."

ಅವರು ಬಿಸ್ಕತ್ತನ್ನು ಮುರಿಯಲು ಹೋದರು. ಮುರಿಯಲಿಲ್ಲ. ಗಡಿ ಅಳಿಸಬಾರದೆಂದು ಸೋಡಾ ಇಲ್ಲದೆ ಕಲಸಿದ ಹಿಟ್ಟು! ಹಲ್ಲು ಕಚ್ಚಿ, ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದಾಗ ಕಟ್ಟೆಂದು ಎರಡಾಯಿತು. ಒಂದು ದೊಡ್ಡದು, ಒಂದು ಚಿಕ್ಕದು. ಹೊಂಗೆಮರದ ಕಚ್ಚು ದೊಡ್ಡದರಲ್ಲೇ ಉಳಿದಿತ್ತು. ಅದನ್ನು ಅಕ್ಕನ ಕಡೆ ಚಾಚಿದರು.

"ನಂಗೆ ಶುಗರ್ ಐತೆ ಕಣೋ," ಎಂದರು ಓನರಮ್ಮ.

"ತಿನ್ನಕ್ಕ. ಇದು ನಿಂದು."

ಓನರಮ್ಮ ಬಾಗಿಲ ಬಳಿಯ ಮೆಟ್ಟಿಲ ಮೇಲೆ ಕೂತು, ತಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡು, ಅಳುತ್ತಲೇ ಮೂಲೆ ಹೊಲದ ಆ ದೊಡ್ಡ ತುಂಡನ್ನು ಪೂರ್ತಿ ತಿಂದರು. ಸೀರೆಯ ಮೇಲೆ ಬಿದ್ದ ಪುಡಿಯನ್ನೂ ಬೆರಳಿನಿಂದ ಒತ್ತಿ ಒತ್ತಿ ಎತ್ತಿ ಬಾಯಿಗೆ ಹಾಕಿಕೊಂಡರು.