ಎಲ್ಲಿ ಹೋಯಿತು ಆ ಐದು ನಿಮಿಷ?

ಗಡಿಯಾರಪ್ಪನವರ ಎದೆ ಧಸಕ್ಕೆಂದಿತು.

"ಹದಿನೈದು, ಸರಿ. ಮೂವತ್ತು, ಅದೂ ಸರಿ. ಆಮೇಲೆ ನಲವತ್ತೇ? ನಲವತ್ತೈದು ಆಗಬೇಕಲ್ಲ! ಐದು ನಿಮಿಷ ಯಾರು ನುಂಗಿದ್ದು?"

ಜೀವಮಾನವೆಲ್ಲ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಗಡಿಯಾರ ರಿಪೇರಿ ಮಾಡಿದ ಜೀವ ಅದು. ಆಚೆ ಬೀದಿಯ ಗಡಿಯಾರ ಅರ್ಧ ಸೆಕೆಂಡ್ ಹಿಂದೆ ಬಿದ್ದರೂ ಇಲ್ಲಿಂದ ಇವರು ಏಣಿ ಹೊತ್ತು ಓಡುತ್ತಿದ್ದರು. (ಗಡಿಯಾರಪ್ಪ ಎಂಬ ಬಿರುದು ಸುಮ್ಮನೆ ಬಂದದ್ದಲ್ಲ.)

"ಮಾವ, ಅದು ನಿಮಿಷ ಅಲ್ಲ, ಪಾಯಿಂಟು," ಎಂದ ಅಳಿಯ, ಪ್ಯಾಡೆಲ್ ಎಂಬ ಟೆನಿಸ್‌ನಂಥ ಆಟದ ಅಂಕಣದ ಗಾಜಿನ ಗೋಡೆಗೆ ಒರಗಿ. "ನಲವತ್ತರ ಮೇಲೆ ಇನ್ನೊಂದು ಗೆದ್ದರೆ ಗೇಮ್. ಎರಡು ಗೇಮ್ ಮುಂದಿದ್ದು ಆರು ಗೆದ್ದವರಿಗೆ ಸೆಟ್. ಇಬ್ಬರೂ ನಲವತ್ತಕ್ಕೆ ಬಂದು ನಿಂತರೆ ಗೋಲ್ಡನ್ ಪಾಯಿಂಟ್. ಅದೊಂದನ್ನು ಗೆದ್ದವರದೇ ಗೇಮ್. ಕೇಳಿಸ್ತಾ?"

ಎಲ್ಲಿಂದ ಕೇಳಿಸಬೇಕು? ಮಾವ ಇನ್ನೂ ಆ ಐದು ನಿಮಿಷವನ್ನು ಹುಡುಕುತ್ತಿದ್ದರು.

"ರೀ, ಮಾತು ನೆನಪಿದೆ ತಾನೆ?" ನೆಟ್ಟಿನಾಚೆ ಮಗಳ ಜೋಡಿಯಾಗಿ ನಿಂತಿದ್ದ ಹೆಂಡತಿ ಕೂಗಿದರು. "ಈ ಸೆಟ್ ಸೋತರೆ ನಿಮ್ಮ ಆರಾಮಕುರ್ಚಿ ಗುಜರಿಗೆ. ಗೆದ್ದರೆ ಅದರಲ್ಲೇ ಬೇರುಬಿಡಿ, ನಾನು ಸೊಲ್ಲೆತ್ತಲ್ಲ."

ಆ ಕುರ್ಚಿಯೇ ಗಡಿಯಾರಪ್ಪನವರ ಸಿಂಹಾಸನ. ಕೂತರೆ ಅದು ಕಿರ್ರೆನ್ನುವ ರಭಸಕ್ಕೆ ಮೂರು ಬೀದಿಯಾಚೆಯ ನಾಯಿಗಳು ಎದ್ದು ಬೊಗಳುತ್ತಿದ್ದವು.

ಆಟ ಶುರುವಾದದ್ದೇ ತಡ, ಎರಡನೇ ಆಘಾತ. ಮಂಡಿನೋವೆಂದು ಮನೆಯಲ್ಲಿ ನೀರಿನ ಲೋಟವನ್ನೂ ಇವರಿಂದಲೇ ತರಿಸಿಕೊಳ್ಳುತ್ತಿದ್ದ ಧರ್ಮಪತ್ನಿ, ತೂತು ಕೊರೆದ ಹಲಗೆಯಂಥ ಆ ರ‍್ಯಾಕೆಟ್ ಹಿಡಿದು ಚಿರತೆಯಂತೆ ಹಾರುತ್ತಿದ್ದರು! ನೆಲಕ್ಕೆ ಬಿದ್ದು ಪುಟಿದ ಚೆಂಡು ಹೆಂಗಸರ ಹಿಂದಿನ ಗಾಜಿಗೆ ಬಡಿದಾಗ ಇವರು "ಔಟ್!" ಎಂದು ಕುಣಿದಾಡುವಷ್ಟರಲ್ಲಿ ಮಗಳು ಅದನ್ನು ಆರಾಮವಾಗಿ ವಾಪಸು ಕಳಿಸಿದ್ದಳು.

"ಗಾಜಿಗೆ ಬಡಿದರೂ ಆಟ ಮುಗಿಯಲ್ಲಪ್ಪಾ, ಎರಡು ಸಲ ಪುಟಿಯಬಾರದು ಅಷ್ಟೆ!"

"ಇದೇನು ಆಟವೋ, ಹಗಲುದರೋಡೆಯೋ?"

ಹೇಗೋ ಎಳೆದಾಡಿ ಐದು–ನಾಲ್ಕಕ್ಕೆ ಬಂತು. ಹೆಂಗಸರು ಒಂದು ಗೇಮ್ ಮುಂದೆ. ಹತ್ತನೆಯ ಗೇಮ್ ನಲವತ್ತು–ನಲವತ್ತು. ಹೆಂಡತಿ ಎತ್ತಿ ಹೊಡೆದ ಚೆಂಡು ದಾರಿ ತಪ್ಪಿದ ನೆಂಟನಂತೆ ನಿಧಾನವಾಗಿ ತೇಲುತ್ತಾ ಬಂದು ಗಡಿಯಾರಪ್ಪನವರ ಮುಂದೆಯೇ ಇಳಿಯಿತು. ಅವರು ಗೌರವದಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಹೊಡೀರಿ ಮಾವಾ!"

"ಅವಸರ ಯಾಕಪ್ಪ? ಗಂಟೆ ಆಗೋಕೆ ಇನ್ನೂ ಇಪ್ಪತ್ತು ಬಾಕಿ ಇದೆ. ಸ್ವಲ್ಪ ಉಸಿರು ತಗೊಳ್ಳೋಣ."

ಚೆಂಡು ಎರಡು ಸಲ ಪುಟಿದು ಮಲಗಿತು. ಆಚೆ ಕಡೆ ತಾಯಿ ಮಗಳು ತಬ್ಬಿಕೊಂಡು ಕುಣಿದರು. ಅಳಿಯ ತಲೆಯ ಮೇಲೆ ಕೈಹೊತ್ತು ಕುಳಿತ.

"ಯಾಕೆ, ಏನಾಯ್ತು?"

"ಮುಗೀತು ಮಾವ. ಗೇಮೂ ಹೋಯ್ತು, ಸೆಟ್ಟೂ ಹೋಯ್ತು."

"ನಲವತ್ತಕ್ಕೇ?!" ಗಡಿಯಾರಪ್ಪನವರ ಬಾಯಿ ತೆರೆದದ್ದು ಮನೆ ತಲುಪಿದರೂ ಮುಚ್ಚಿರಲಿಲ್ಲ.

ಸಂಜೆ ಗುಜರಿಯವನ ಗಾಡಿ ಬಾಗಿಲಿಗೆ ಬಂದಾಗ ಅವರು ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದು ಕೂತಿದ್ದರು.

"ಇವಳೇ, ಕೊನೇ ಸಲ. ಒಂದೇ ಒಂದು ಐದು ನಿಮಿಷ ಕೂತಿದ್ದು ಎದ್ದುಬಿಡ್ತೀನಿ ಕಣೇ."

"ಯಾವ ಐದು ನಿಮಿಷಾರೀ?" ಹೆಂಡತಿ ಸೆರಗು ಸಿಕ್ಕಿಸಿ ಕುರ್ಚಿಯ ಬೆನ್ನಿಗೆ ಕೈಹಾಕಿದರು. "ನಲವತ್ತಾದ ಮೇಲೆ ಸೀದಾ ಗೇಮ್! ಏಳಿ ಮೇಲೆ."