ನನ್ನ ತೂಕದಷ್ಟು ಬೆಲ್ಲ

ತೂಕ ಇಳಿಸುವುದು ಎಂದರೆ ಕಳೆಯುವ ಲೆಕ್ಕ. ಕಳೆಯುವ ಲೆಕ್ಕವನ್ನು ನಾನು ಬೀದರಿನ ಒಂದು ಶಾಲೆಯಲ್ಲಿ ವರ್ಷಗಟ್ಟಲೆ ಮಕ್ಕಳ ತಲೆಗೆ ತುಂಬಿದವನು. ಆದ್ದರಿಂದ ಎಕಂಬಾದಿಂದ ಅತ್ತೆ ಫೋನ್ ಮಾಡಿ, "ಅಳಿಯಂದಿರ, ಬೆಲ್ಲ ಎಷ್ಟು ತರಸ್ಲಿರಿ?" ಎಂದು ಕೇಳಿದಾಗ ಎದೆಯುಬ್ಬಿಸಿ, "ಎಪ್ಪತ್ತು ಕಿಲೋ ಸಾಕ್ರಿ" ಎಂದುಬಿಟ್ಟೆ.

ಆಗ ನನ್ನ ತೂಕ ಎಪ್ಪತ್ತೆಂಟು!

ವಿಷಯ ಇಷ್ಟು. ಕಳೆದ ಮಳೆಗಾಲದಲ್ಲಿ ಡೆಂಗ್ಯೂ ಬಂದು ನಾನು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಅಳಿಯ ಎದ್ದು ಕೂತರೆ ಅವರ ತೂಕದಷ್ಟು ಬೆಲ್ಲ ಕೊಡುತ್ತೇನೆಂದು ಅತ್ತೆ ತಮ್ಮೂರ ಹನುಮಂತ ದೇವರಿಗೆ ಹರಕೆ ಹೊತ್ತಿದ್ದರು. ನಾನು ಎದ್ದು ಕೂತೆ. ಕೂತವನು ಉಣ್ಣುತ್ತಲೇ ಹೋದೆ. ಜ್ವರದಲ್ಲಿ ಕರಗಿದ ಮೈ ಬಡ್ಡಿ ಸಮೇತ ವಾಪಸ್ ಬಂತು. ಈಗ ಹೆಂಡತಿಯ ಬಳಗವೆಲ್ಲ ನೋಡುತ್ತಿರುವಾಗ ನಾನು ತಕ್ಕಡಿಯಲ್ಲಿ ಕೂರಬೇಕು.

"ಅವ್ವಗ ಖರೇ ತೂಕ ಹೇಳ್ರಿ" ಎಂದಳು ಹೆಂಡತಿ ಮಂಗಲಾ.

"ತುಲಾಭಾರದ ದಿನಕ್ಕ ಅದೇ ಖರೇ ಆಗ್ತದ, ನೋಡ್ತಿರು!"

ನನ್ನ ಯೋಜನೆ ಸರಳವಾಗಿತ್ತು: ಉಪವಾಸ. ಸೋಮವಾರ ಶಿವನಿಗೆ, ಗುರುವಾರ ದತ್ತನಿಗೆ, ಶನಿವಾರ ಹನುಮಂತನಿಗೆ. ನಡುವೆ ಏಕಾದಶಿ ಬಂದರೆ ವಿಠ್ಠಲನನ್ನೂ ಬಿಡಲಿಲ್ಲ. ಉಪವಾಸವೆಂದರೆ ಅನ್ನ, ರೊಟ್ಟಿ, ಬೇಳೆ ಮುಟ್ಟುವಂತಿಲ್ಲ. ನಾನು ಮುಟ್ಟಲಿಲ್ಲ. ಬೆಳಿಗ್ಗೆ ಶೇಂಗಾ ಪುಡಿ ಹಾಕಿದ ಸಾಬೂದಾನಿ ಖಿಚಡಿ, ಮಧ್ಯಾಹ್ನ ತುಪ್ಪದಲ್ಲಿ ಹುರಿದ ಆಲೂಗಡ್ಡೆ, ಸಂಜೆ ಬೆಲ್ಲ ಹಾಕಿ ಬೇಯಿಸಿದ ಗೆಣಸು. ಎಲ್ಲವೂ ಉಪವಾಸಕ್ಕೆ ನಡೆಯುವಂಥವೇ!

ಮೊದಲ ವಾರ ತೂಕದ ಮಷೀನ್ ಹತ್ತಿದೆ. ಎಪ್ಪತ್ತೊಂಬತ್ತು.

ದೋಷ ಮಷೀನಿನದೇ ಎಂದು ತಕ್ಷಣ ಗೊತ್ತಾಯಿತು. ಸೆಲ್ ಬದಲಿಸಿದೆ. ಅಡುಗೆಮನೆಯಿಂದ ಪಡಸಾಲೆಗೆ ತಂದೆ. ವಾಚು ಬಿಚ್ಚಿದೆ, ಚಷ್ಮಾ ತೆಗೆದೆ, ಒಂಟಿ ಕಾಲಲ್ಲಿ ನಿಂತೆ. ಚಷ್ಮಾ ಇಲ್ಲದ್ದರಿಂದ ಅಂಕಿ ಕಾಣಲಿಲ್ಲ. ಮಂಗಲಾ ಬಗ್ಗಿ ನೋಡಿ, "ಎಂಬತ್ತು" ಎಂದಳು.

ಸಿಟ್ಟು ನೆತ್ತಿಗೇರಿತು. ನೇರವಾಗಿ ಗಂಜ್ ಮಾರುಕಟ್ಟೆಯಲ್ಲಿರುವ ಗೆಳೆಯ ಬಾಬುರಾವನ ಧಾನ್ಯದ ಅಡತ್ ಅಂಗಡಿಗೆ ಹೋಗಿ, ತೊಗರಿ ಚೀಲ ತೂಗುವ ಕಾಂಟಾ ಮೇಲೆ ನಿಂತೆ. ಅಲ್ಲೂ ಎಂಬತ್ತು!

"ಮಾಸ್ತರ್, ಕಾಂಟಾ ಬರಾಬರ್ ಅದ. ಚೀಲಾನೇ ಜರಾ ಗಚ್ಚಾಗಿ ತುಂಬ್ಯಾರ" ಎಂದ ಬಾಬುರಾವ.

ಹಾಗಾದರೆ ಉಪವಾಸವೇ ಕಡಿಮೆಯಾಗಿದೆ ಎಂದು ಲೆಕ್ಕ ಹಾಕಿ ಮಂಗಳವಾರವನ್ನೂ ಸೇರಿಸಿದೆ. ಮಂಗಲಾ ಹಣೆ ಚಚ್ಚಿಕೊಂಡಳು. "ರೀ, ದೇವರ ಹೆಸರಲೆ ಉಪವಾಸ, ಹೊಟ್ಟಿಗಿ ದಿನಾ ಹಬ್ಬ! ಸುಮ್ಮ ಎರಡು ರೊಟ್ಟಿ, ಪಲ್ಯಾ ತಿಂದು ಇರ್ರಿ."

"ಧರ್ಮದ ವಿಷಯದಾಗ ಬಾಯಿ ಹಾಕಬ್ಯಾಡ" ಎಂದು ಗಂಭೀರವಾಗಿ ಹೇಳಿ ಇನ್ನಷ್ಟು ಖಿಚಡಿ ಬಡಿಸಿಕೊಂಡೆ.

ತುಲಾಭಾರದ ಶನಿವಾರ ಬಂತು. ಎಕಂಬಾದ ಹನುಮಂತನ ಗುಡಿಯ ಮುಂದೆ ದೊಡ್ಡ ತಕ್ಕಡಿ ಕಟ್ಟಿದ್ದರು. ಬರೀ ಧೋತರ ಉಟ್ಟು, ಉಸಿರು ಬಿಗಿಹಿಡಿದು ಕೂತೆ. ಉಸಿರು ಹಿಡಿದರೆ ಹಗುರಾಗುತ್ತೇನೆಂದು ಯಾವ ಶಾಸ್ತ್ರ ಹೇಳುತ್ತದೋ ಗೊತ್ತಿಲ್ಲ. ಭಾವಮೈದುನ ಎದುರಿನ ತಟ್ಟೆಗೆ ಬೆಲ್ಲದ ಪೆಂಟಿ ಇಡುತ್ತಾ ಹೋದ. ಕೊನೆಯ ಪೆಂಟಿಯೂ ಹೋಯಿತು. ನನ್ನ ತಟ್ಟೆ ನೆಲ ಬಿಟ್ಟು ಅಲ್ಲಾಡಲಿಲ್ಲ!

"ಅವ್ವಾ, ಬೆಲ್ಲ ಮುಗೀತು" ಎಂದ ಅವನು.

ಹಿಂದಿನಿಂದ ಯಾರೋ ಕಿಸಕ್ಕೆಂದರು. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ಅತ್ತೆಯ ಮುಖ ಬಾಡಿತು, ಕಣ್ಣು ತುಂಬಿತು. "ಹರಕಿ ಅರ್ಧಕ್ಕ ನಿಂತರ ಹ್ಯಾಂಗ? ಇವರ ಜೀವದ ಮ್ಯಾಲಿನ ಹರಕಿ ಅದು" ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬಿಟ್ಟಿದ್ದರೂ ಆ ತೂಕಕ್ಕೆ ಅದೂ ಹೆದರುತ್ತಿತ್ತು.

ಅಷ್ಟರಲ್ಲಿ ಮಂಗಲಾ ಓಣಿಗೆ ಓಡಿದಳು. ಮನೆಮನೆಯಿಂದ ಹೆಂಗಸರು ಬೆಲ್ಲದ ಡಬ್ಬಿ ಹಿಡಿದು ಬಂದರು. ಒಬ್ಬಾಕೆ ಹೋಳಿಗೆ ಹೂರಣಕ್ಕೆ ಕುಟ್ಟಿಟ್ಟ ಬೆಲ್ಲವನ್ನೇ ಸುರಿದಳು. ಊರಿನ ಅರ್ಧ ಓಣಿಗೆ ಅಂದು ಸಪ್ಪೆ ಚಹಾ. ಕೊನೆಗೆ ತಕ್ಕಡಿ ಸಮವಾಯಿತು! ಜನ ಚಪ್ಪಾಳೆ ಹೊಡೆದರು. ನಾನು ತಲೆ ತಗ್ಗಿಸಿ ಇಳಿದೆ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೈಗುಳಕ್ಕೆ ತಯಾರಾಗಿ ನಿಂತೆ.

"ಯಾಕ್ರಿ ಅಳಿಯಂದಿರ, ಇಷ್ಟು ಸೊರಗೀರಿ? ನನ್ನ ಮಗಳು ಹೊಟ್ಟಿ ತುಂಬ ಹಾಕಂಗಿಲ್ಲೇನು?" ಎನ್ನುತ್ತಾ ಮುಷ್ಟಿಗಾತ್ರದ ಬೆಲ್ಲದ ಉಂಡೆ ಮುಂದೆ ಹಿಡಿದರು.

"ಬ್ಯಾಡ್ರಿ ಅತ್ತಿ, ಇವತ್ತು ಶನಿವಾರ. ನಂದು ಉಪವಾಸ ಅದ."

"ಬೆಲ್ಲ ಉಪವಾಸಕ್ಕ ನಡೀತದ್ರಿ!"

ಮಂಗಲಾ ನನ್ನನ್ನೇ ನೋಡುತ್ತಿದ್ದಳು. ಕಳೆಯುವ ಲೆಕ್ಕದ ಮಾಸ್ತರ ಬಾಯಿ ತೆರೆದ.