ಬೇವೂರಿನ ಬಂಡಿಯ ಕಡಾಣಿ

"ಹುಡುಗ ಏನ್ ಮಾಡ್ತಾನ್ರಿ?"

ಹೆಣ್ಣು ಕೊಡುವವರು ಕೇಳುವ ಈ ಸಾದಾ ಪ್ರಶ್ನೆಗೆ ಕುಷ್ಟಗಿಯ ಬಸವಣ್ಣೆಮ್ಮನ ಬಳಿ ಒಂದೇ ಮಾತಿನ ಉತ್ತರ ಇರಲಿಲ್ಲ. ಮಗ ಈಶಪ್ಪನಿಗೆ ಬಂದ ನಾಲ್ಕು ಸಂಬಂಧಗಳು ಇದೊಂದೇ ಕಾರಣಕ್ಕೆ ಹೊಸ್ತಿಲಿಂದ ತಿರುಗಿ ಹೋಗಿದ್ದವು. ಅವನಿಗಾಗಲೇ ಮೂವತ್ತೆರಡು. ಅವನ ಸರೀಕರ ಮಕ್ಕಳು ಶಾಲೆಗೆ ಹೋಗುತ್ತಿದ್ದರು.

ಆಕೆಯಾದರೂ ಏನಂತ ಹೇಳಬೇಕು? ಹುಡುಗ ಮೊದಲು ಬಡಿಗತನ ಕಲಿತ. ಆಮೇಲೆ ಕೊಪ್ಪಳದ ಒಂದು ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆದ. ಗಂಗಾವತಿಗೆ ಟೂರಿಂಗ್ ಟಾಕೀಸು ಬಂದಾಗ ಅದರ ಮಷೀನಿನ ಬೆನ್ನು ಹತ್ತಿದ. ಮರಳಿ ಎಂಬ ಹಳ್ಳಿಯಲ್ಲಿ ಯಾರದೋ ಎಂಜಿನ್ನು ಕೆಟ್ಟಿದೆಯೆಂದು ನೋಡಲು ಹೋದವನು ಎಂಟು ತಿಂಗಳು ಅಲ್ಲೇ ಉಳಿದ. ಬಯಲಾಟದ ಮೇಳದವರ ಹಾರ್ಮೋನಿಯಂ ರಿಪೇರಿಗೆ ಕೂತು ಅವರ ಸಂಗಡ ಊರೂರು ತಿರುಗಿದ. ಈಗ ಯುದ್ಧದ ದಿನಗಳು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಅಂಥದೊಂದು ಬಸ್ಸಿನ ಇದ್ದಿಲ ಒಲೆಯನ್ನು ಬಿಚ್ಚಿ ಕಟ್ಟುವುದು ಸದ್ಯದ ಉದ್ಯೋಗ.

ಯಾವ ಕೆಲಸವನ್ನೂ ಅವನು ಬೇಸರಪಟ್ಟು ಬಿಟ್ಟದ್ದಲ್ಲ. ಕೆಟ್ಟದ್ದೆಲ್ಲ ಸರಿಹೋದ ಮೇಲೆ ಅಲ್ಲಿ ತಾನು ಇನ್ನೇನು ಮಾಡಬೇಕು ಎಂಬುದು ಪಾಪ ಅವನಿಗೆ ತಿಳಿಯುತ್ತಿರಲಿಲ್ಲ. ಕೆಟ್ಟು ನಿಂತ ಯಂತ್ರ ಕಂಡರೆ ಅವನಿಗೆ ಊಟದ ನೆನಪೂ ಆಗುತ್ತಿರಲಿಲ್ಲ. ಅದು ತಿರುಗಿತೋ, ತಾನು ಉಂಡಷ್ಟು ಸಮಾಧಾನ.

ಆ ದಿನ ಬೆಳಿಗ್ಗೆ ಐದನೆಯ ಸಂಬಂಧ ಬಂದಿತ್ತು. ಬೇವೂರಿನ ಉಮಾಪತೆಪ್ಪ ತಾವೇ ಬಂಡಿ ಹೊಡೆದುಕೊಂಡು, ತಂಗಿ ಶೇಖರಮ್ಮನನ್ನು ಕೂಡಿಸಿಕೊಂಡು, ಮಗಳಿಗೆ ವರ ನೋಡಲು ಬಂದಿದ್ದರು. ಬಸವಣ್ಣೆಮ್ಮ ಹೋಳಿಗೆಗೆ ಬೇಳೆ ಇಟ್ಟಿದ್ದಳು. ನಮ್ಮ ಕಡೆ ಇದೊಂದು ರೂಢಿ ನೋಡಿ: ಸಂಬಂಧ ನೋಡಲು ಬಂದವರು ಗಂಡಿನ ಮನೆಯಲ್ಲಿ ಚಹಾ ಕುಡಿದರೆ, ಅವಲಕ್ಕಿ ತಿಂದರೆ ಅಡ್ಡಿಯಿಲ್ಲ, ಎದ್ದು ಹೋಗಬಹುದು. ಎಲೆ ಹಾಕಿಸಿಕೊಂಡು ಹೋಳಿಗೆ ಉಂಡರೆ ಮಾತು ಮುಗಿಯಿತು; ಆಮೇಲೆ ಒಲ್ಲೆ ಅನ್ನುವ ಹಾಗಿಲ್ಲ.

ಉಮಾಪತೆಪ್ಪ ಅವಲಕ್ಕಿ ತಿಂದು ಕೈ ಒರೆಸಿಕೊಂಡರು.

"ಹುಡುಗ ಛಲೋ ಅದಾನ್ರಿ. ಆದ್ರ ನಮಗ ಒಂದು ಹೆಸರು ಬೇಕು. ಒಕ್ಕಲುತನ ಅಂದ್ರ ಒಕ್ಕಲುತನ, ಅಂಗಡಿ ಅಂದ್ರ ಅಂಗಡಿ. ನಾಳೆ ಮಂದಿ ಕೇಳಿದ್ರ ನಾ ಯಾವುದನ್ನ ಹೇಳ್ಲಿ? ತಾವರಗೇರ್ಯಾಗ ಇನ್ನೊಂದು ಗಂಡು ಐತಿ, ಅಂವಂದು ಅರಿವಿ-ಬಟ್ಟಿ ಅಂಗಡಿ. ಹೊತ್ತು ಮುಳುಗೂದ್ರೊಳಗ ಬರ್ತೀವಂತ ಹೇಳಿ ಕಳಸೀವಿ."

"ಅಂವಗ ನಲವತ್ತೈದು ದಾಟ್ಯಾವು," ಎಂದಳು ಶೇಖರಮ್ಮ. "ಎರಡನೇ ಮದಿವಿ ಬ್ಯಾರೆ."

"ಆದ್ರ ಅಂಗಡಿ ಐತ್ಯಲ್ಲ?"

ಶೇಖರಮ್ಮ ಎಲೆ-ಅಡಿಕೆಯ ಡಬ್ಬಿ ಕೈಗೆತ್ತಿಕೊಂಡಳು. ಮುಚ್ಚಳದ ಕೀಲು ಸಡಿಲಾಗಿ ಡಬ್ಬಿ ಬಾಯಿ ಬಿಟ್ಟುಕೊಂಡೇ ಇತ್ತು. ಈಶಪ್ಪ ಕೇಳಲಿಲ್ಲ, ಹೇಳಲಿಲ್ಲ, ಕೈಚಾಚಿ ಇಸಿದುಕೊಂಡ. ತಾಯಿ ಕಣ್ಣು ಕೆಂಪಗೆ ಮಾಡುವಷ್ಟರಲ್ಲಿ ಕೀಲು ಕೂತು, ಮುಚ್ಚಳ ಟಕ್ಕೆಂದು ಮುಚ್ಚಿತು. ಶೇಖರಮ್ಮ ಅದನ್ನು ನಾಲ್ಕು ಸಲ ತೆರೆದು ಮುಚ್ಚಿ ನೋಡಿದಳು. ಆಮೇಲೆ ಹುಡುಗನನ್ನೂ ಅಷ್ಟೇ ಹೊತ್ತು ನೋಡಿದಳು. "ಸ್ವಲ್ಪ ಗಾಳಿಗೆ ನಿಲ್ತೀನಿ," ಎಂದು ಹೊರಗೆ ಹೋದಳು.

ಇನ್ನೊಂದು ಗಳಿಗೆ ಮಾತಾಡಿ ಉಮಾಪತೆಪ್ಪ ಹೊರಡಲು ಎದ್ದರು. ಬಸವಣ್ಣೆಮ್ಮನ ಮುಖ ಬಾಡಿತು. ಎತ್ತು ಹೂಡುವ ಮೊದಲು ಗಾಲಿ ನೋಡುವುದು ಬಂಡಿ ಹೊಡೆಯುವವರ ಅಭ್ಯಾಸ. ನೋಡಿದರೆ ಎಡಗಾಲಿಗೆ ಕಡಾಣಿಯೇ ಇಲ್ಲ! ಗಾಲಿ ಕಳಚಿಕೊಳ್ಳದಂತೆ ಅಚ್ಚಿನ ತುದಿಗೆ ಸಿಕ್ಕಿಸುವ ಆ ಕಬ್ಬಿಣದ ಮೊಳೆ ಇಲ್ಲದೆ ಬಂಡಿ ನಾಲ್ಕು ಮಾರು ಸಾಗಲಾರದು.

ಓಣಿಯೆಲ್ಲ ಹುಡುಕಿದರು. ಸಿಗಲಿಲ್ಲ.

ಮಗ್ಗುಲ ಮನೆಯ ಕಿರಾಣಿ ಅಂಗಡಿಯ ವಿರೂಪಾಕ್ಷಪ್ಪನಿಗೆ ಇಂಥ ಹೊತ್ತಿನಲ್ಲಿ ಬುದ್ಧಿ ಬಹಳ ಚುರುಕು. ಅವನು ಬಸವಣ್ಣೆಮ್ಮನ ಕಿವಿಯಲ್ಲಿ, "ಭೇಷ್ ಮಾಡಿದಿ ತಂಗಿ! ಎಲ್ಲಿ ಇಟ್ಟೀದಿ?" ಎಂದ.

"ಅಯ್ಯ ಶಿವನ, ನಾನಲ್ಲೋ ಅಣ್ಣಾ! ನೀನ ಅಂತ ತಿಳಕೊಂಡಿದ್ನಲ್ಲ!"

"ಯಾರರೆ ಇರಲಿ ಬಿಡು. ಹೋಳಿಗಿ ಸುಡು ನೀ."

ಅವನು ಎದುರಿಗೆ ಬಂದು ಗಂಟಲು ಸರಿಮಾಡಿಕೊಂಡ. "ಯಜಮಾನ್ರ, ಈಗ ಹೊಂಡದಿದ್ರ ಹೊತ್ತು ಮುಳುಗೂದ್ರೊಳಗ ತಾವರಗೇರಿ ಮುಟ್ಟೂದು ಆಗದ ಮಾತು. ಕಟ್ಟಿಗಿ ಸಿಗಿಸಿಕೊಂಡು ಹೋದ್ರ ಆ ಕಲ್ಲಿನ ದಾರ್ಯಾಗ ಮುರೀತೈತಿ. ಇವತ್ತ ಇಲ್ಲೇ ಇರ್ರಿ. ಅಡಿಗಿ ಆಗೇತಿ."

ಉಮಾಪತೆಪ್ಪ ಸೂರ್ಯನ ಕಡೆ ನೋಡಿದರು, ಎತ್ತುಗಳ ಕಡೆ ನೋಡಿದರು. ಒಳಗಿನಿಂದ ತುಪ್ಪದ ವಾಸನೆ ಬರುತ್ತಿತ್ತು. "ಇಲ್ಲೇ ನಿಲ್ಲಬೇಕಂತ ಇದ್ರ ಯಾರೇನು ಮಾಡಾಕ ಬರ್ತೈತಿ? ಹುಡುಗನೂ ಕೆಟ್ಟಾಂವಲ್ಲ," ಎಂದು ಚಪ್ಪಲಿ ಬಿಚ್ಚತೊಡಗಿದರು.

"ತಡೀರಿ ಮಾವಾರ! ಒಂದ ಗಳಿಗಿ!"

ಈಶಪ್ಪ ಆಗಲೇ ಅಂಗಿಯ ತೋಳು ಏರಿಸಿ ಗಾಲಿಯ ಮುಂದೆ ಕೂತಿದ್ದ. ಅಚ್ಚಿನ ತೂತಿನಲ್ಲಿ ಬೆರಳಿಟ್ಟು ಅಳತೆ ನೋಡುತ್ತಿದ್ದ. ಅವನ ಮುಖದ ಮೇಲೆ ಬೆಳಗಿನಿಂದ ಇಲ್ಲದ ಕಳೆ ಬಂದಿತ್ತು. ತಾಯಿ ಅವನ ತೋಳು ಜಗ್ಗಿದಳು. "ಏ ಈಶ್ಯಾ, ಒಳಗ ಬಾ. ಎಲಿ ಹಾಕಬೇಕು."

"ಬಂದೆ ಬೇ. ಮಂದಿ ದಾರ್ಯಾಗ ನಿಂತಾರ, ಉಣ್ಣೂದೇನು ಗಡಿಬಿಡಿ?"

ಅವನು ಓಣಿಯ ತುದಿಯ ಮಕ್ಬುಲಸಾಬನ ಕುಲುಮೆಗೆ ಓಡಿದ. ವಿರೂಪಾಕ್ಷಪ್ಪ ಹಿತ್ತಲ ದಾರಿಯಿಂದ ಅವನಿಗಿಂತ ಮೊದಲು ಓಡಿ ಸಾಬನ ಕಿವಿಯೂದಿದ್ದ. "ಇದ್ದಿಲಿಲ್ಲಪಾ ಇವತ್ತ," ಎಂದ ಮಕ್ಬುಲಸಾಬ. ಅವನ ಬೆನ್ನ ಹಿಂದೆ ಬೆಂಕಿ ನಿಗಿನಿಗಿ ಉರಿಯುತ್ತಿತ್ತು.

"ಅದೇನು ಮತ್ತ ಉರಿಯಾಕ ಹತ್ತೈತಿ?"

"ಅದು... ನಿನ್ನೀದು."

"ಕಬ್ಬಿಣದ ತುಂಡರೆ ಕೊಡು ಕಾಕಾ."

"ಕಬ್ಬಿಣೆಲ್ಲಾ ಯುದ್ಧಕ್ಕ ಹೋಗೈತಿ. ಹೋಗೋ ಮಾರಾಯ, ಹೋಗಿ ಉಣ್ಣು ಹೋಗು. ನಿನ್ನ ಸಲುವಾಗೇ ಹೇಳಾಕ ಹತ್ತೀನಿ!"

ಈಶಪ್ಪನಿಗೆ ಆಶ್ಚರ್ಯವಾಯಿತು. ಇಂಥ ಸೋಮಾರಿಗಳ ಓಣಿಯಲ್ಲಿ ತಾನು ಹುಟ್ಟಿದೆನಲ್ಲ ಎಂದು ನಾಚಿಕೆಯೂ ಆಯಿತು. ತಿರುಗಿ ಬಂದು ವಿರೂಪಾಕ್ಷಪ್ಪನ ಅಂಗಡಿ ಮುಂದೆ ಬಿದ್ದಿದ್ದ ಹಳೆಯ ಸರಳು ಎತ್ತಿಕೊಳ್ಳಹೋದರೆ, ಓಡಿಬಂದ ಆ ಪುಣ್ಯಾತ್ಮ ಏದುಸಿರು ಬಿಡುತ್ತ ಅದರ ಮೇಲೆಯೇ ಕೂತುಬಿಟ್ಟ. "ನನಗ ಮೈಯಾಗ ಆರಾಮಿಲ್ಲ. ಏಳಾಕ ಆಗೂದಿಲ್ಲ," ಎಂದ.

ಶೇಖರಮ್ಮ ಕಟ್ಟೆಯ ಮೇಲಿಂದ ಕರೆದಳು. "ತಮ್ಮಾ, ಬಿಸಲು ಭಾಳ ಐತಿ. ನನಗ ತಲಿನೋವು. ಬಂಡಿ ಇವತ್ತ ಬ್ಯಾಡ, ಬಿಟ್ಟುಬಿಡು."

"ನೀವು ನೆರಳಾಗ ಕುಂಡ್ರಿ. ನಿಮ್ಮನ್ನ ಹಿಂಗ ನಡುದಾರ್ಯಾಗ ಬಿಡೂ ಮಗ ಅಲ್ಲ ನಾ," ಎಂದ ಈಶಪ್ಪ ಅಭಿಮಾನದಿಂದ.

ಕಡೆಗೆ ಅವನು ಒಳಗೆ ಹೋಗಿ ತನ್ನ ದೊಡ್ಡ ಪೇಚಕಸ ತಂದ. ಹೈದರಾಬಾದಿನಿಂದ ತರಿಸಿದ್ದು, ಹತ್ತು ವರ್ಷದಿಂದ ಅವನ ಕೈಯಲ್ಲಿದ್ದದ್ದು. ಗಿರಣಿ, ಟಾಕೀಸು, ಹಾರ್ಮೋನಿಯಂ, ಬಸ್ಸು ಎಲ್ಲದರ ತಿರುಪನ್ನೂ ಬಿಚ್ಚಿದ್ದು ಅದೇ. ಅದನ್ನೊಮ್ಮೆ ಪಂಚೆಗೆ ಒರೆಸಿದ. ಮನಸ್ಸಿಗೆ ನೋವಾಯಿತು. ಆದರೂ ಗರಗಸ ಹಿಡಿದು ಅದರ ಸರಳನ್ನು ಕೊಯ್ದೇ ಬಿಟ್ಟ. ಅರ ಹಾಕಿ ತಿಕ್ಕಿ, ತುದಿ ಬಾಗಿಸಿ, ಅಚ್ಚಿಗೆ ಬಡಿದು ಕೂರಿಸಿ ಗಾಲಿ ತಿರುವಿದ. ಗಾಲಿ ಚೂರೂ ಅಲ್ಲಾಡದೆ ತಿರುಗಿತು. ಓಣಿಯವರು ಸಾವಿನ ಮನೆಯ ಮುಂದೆ ನಿಂತವರಂತೆ ನಿಂತಿದ್ದರು.

"ಶಹಬ್ಬಾಸ್!" ಎಂದರು ಉಮಾಪತೆಪ್ಪ. ಬೆನ್ನು ತಟ್ಟಿದರು. ಈಶಪ್ಪನ ಎದೆ ಉಬ್ಬಿತು. ಇಷ್ಟು ಕೆಲಸ ಕಂಡ ಮೇಲೆ ಯಾವ ಅಪ್ಪ ಹೆಣ್ಣು ಕೊಡದೆ ಇದ್ದಾನು!

ಉಮಾಪತೆಪ್ಪ ಚಪ್ಪಲಿ ಮೆಟ್ಟಿಕೊಂಡು ಎತ್ತು ಹೂಡಿದರು. "ಭಾಳ ಉಪಕಾರ ಆತಪಾ. ಕೊಟ್ಟ ಮಾತು ಎಲ್ಲಿ ತಪ್ಪತೈತೋ ಅಂತ ಜೀವ ಹೊಡಕೊಳ್ಳಾಕ ಹತ್ತಿತ್ತು. ತಾವರಗೇರಿ ಮಾತು ಕೂಡಿತಂದ್ರ ಮದಿವ್ಯಾಗ ಪೆಟ್ರೋಮ್ಯಾಕ್ಸ್ ನೋಡಿಕೊಳ್ಳಾಕ ನಿನಗ ಹೇಳಿಕಳಸ್ತೀನಿ. ತಪ್ಪದ ಬರಬೇಕು."

ಈಶಪ್ಪ ನಗುಮುಖದಲ್ಲೇ ನಿಂತಿದ್ದ. ಮಾತು ತಲೆಗೆ ಹೋಗಲು ತುಸು ಹೊತ್ತು ಹಿಡಿಯಿತು.

ಶೇಖರಮ್ಮ ಬಂಡಿ ಹತ್ತಿದವಳು ಮತ್ತೆ ಇಳಿದು ಅವನ ಬಳಿ ಬಂದಳು. ಕಣ್ಣು ತುಂಬಿದ್ದವು. ಸೆರಗಿನ ಗಂಟು ಬಿಚ್ಚಿ, ಒಳಗಿದ್ದ ಕಬ್ಬಿಣದ ಕಡಾಣಿಯನ್ನು ಅವನ ಅಂಗೈಯಲ್ಲಿ ಇಟ್ಟಳು.

"ನಾನ ತಗದಿದ್ದೆ, ತಮ್ಮಾ. ನಮ್ಮ ಹುಡುಗೀನೂ ನಿನ್ನಂಗ. ಮನ್ಯಾಗ ರಾಟಿ ಕೆಟ್ರ, ಬಾಗಲದ ಚಿಲಕ ಕೆಟ್ರ ಆಕೀನ ಬಿಚ್ಚಿ ಕೂಡಸ್ತಾಳ. ಜೋಡಿ ಛಲೋ ಆಗತೈತಿ ಅಂತ ಮಾಡಿದ್ದೆ."

ಬಂಡಿ ಸದ್ದಿಲ್ಲದೆ, ಬೆಣ್ಣೆಯಂತೆ ಉರುಳಿ ಓಣಿ ದಾಟಿತು. ಈಶಪ್ಪ ನೋಡುತ್ತಲೇ ನಿಂತ. ಕಾಣದ ಆ ಹುಡುಗಿ, ಚಿಲಕದ ಮುಂದೆ ಕೂತವಳು, ಕಣ್ಣಿಗೆ ಕಟ್ಟಿದಳು. ಕೆಟ್ಟದ್ದನ್ನು ಕೆಟ್ಟಂತೆಯೇ ಬಿಟ್ಟಿದ್ದರೆ ಛಲೋ ಇತ್ತು ಎಂದು ಅವನಿಗೆ ಅನ್ನಿಸಿದ್ದು ಹುಟ್ಟಿದಾಗಿನಿಂದ ಅದೇ ಮೊದಲು.

"ಯಾರರೆ ಒಬ್ರು ನನಗ ಹೇಳಬಾರದಿತ್ತೇನ ಅವ್ವಾ?"

"ಓಣಿಗೆ ಓಣೀನ ಹೇಳಿತಲ್ಲೋ, ನನ್ನಪ್ಪಾ," ಎಂದು ಬಸವಣ್ಣೆಮ್ಮ ಹೊಸ್ತಿಲ ಮೇಲೆ ಕುಸಿದು ಕೂತಳು.

ಅವನು ಅಂಗೈಯ ಕಡಾಣಿಯನ್ನು ಹೊರಳಿಸಿ ನೋಡಿದ, ಉಗುರಿನಿಂದ ಕೆರೆದ, ಬಿಸಿಲಿಗೆ ಹಿಡಿದ.

"ನೋಡಿಲ್ಲೆ ಅವ್ವಾ. ನಡುವ ಸವದು ಸೀಳು ಬಿಟ್ಟೈತಿ. ಇದನ್ನ ಹಾಕಿ ಕಳಿಸಿದ್ರ ಊರ ಮುಂದಿನ ಹಳ್ಳಾನೂ ದಾಟ್ತಿದ್ದಿಲ್ಲ, ಮುರದು ತಿರುಗಿ ನಮ್ಮನಿಗೇ ಬರ್ತಿದ್ರು." ಆದರೂ ಮಾತು ಪೂರ್ತಿ ಮಾಡದೆ ಅವನಿಂದ ಇರಲಾಗಲಿಲ್ಲ. "ನಾ ಮಾಡಿದ್ದು ಹತ್ತು ವರ್ಷ ಅಲ್ಲಾಡೂದಿಲ್ಲ."